ಸೊಸೆಯ ಓವನ್ ನಾನು ತೊಳೆದದ್ದು

ಎಲ್ಲರ ಮನೇಲೂ ಓವನ್ ಕೊಳೆ ಆಗುತ್ತೆ, ತೊಳೀತಾರೆ, ಮುಗೀತು. ನಾನು ಕೈ ಹಾಕಿದರೆ ಮಾತ್ರ ಅದು ಬಾಗಲಗುಂಟೆಗೆಲ್ಲ ಸುದ್ದಿ ಆಗುತ್ತೆ. ಹಣೆಬರಹ ಅಂತಾರೆ ಕೆಲವರು. ಕೈಗುಣ ಅಂತೀನಿ ನಾನು.

ಬಟ್ಟಿಯೊಳಗೆ ನಿದ್ದೆ

ಮೊದಲು ನನ್ನ ಯೋಗ್ಯತೆ ಹೇಳಿಬಿಡ್ತೀನಿ. ಶಾಲೆ ಮೆಟ್ಟಿಲು ಹತ್ತಿದವನಲ್ಲ. ಆದರೆ ಹರೆಯದಲ್ಲಿ ಆರ್.ಟಿ. ನಗರದ ಬೇಕರಿಯೊಂದರಲ್ಲಿ ಬಟ್ಟಿ ತೊಳೀತಿದ್ದೆ. ಇಟ್ಟಿಗೆ ಬಟ್ಟಿ, ಒಳಗೆ ಎತ್ತಿನ ಗಾಡಿ ತಿರುಗಿಸಬಹುದಿತ್ತು. ಬೇರೆಯವರು ಬೆಂಕಿ ಆರಲಿ ಅಂತ ಕಾಯೋರು. ನಾನು ಒದ್ದೆ ಗೋಣಿಚೀಲ ಹೊದ್ಕೊಂಡು ಕೆಂಡದ ಪಕ್ಕದಲ್ಲೇ ತೆವಳ್ಕೊಂಡು ಹೋಗಿ ಗುಡಿಸಿ ಬರ್ತಿದ್ದೆ. ಒಂದು ದಿನ ಬೆಚ್ಚಗಿತ್ತಲ್ಲ, ಅಲ್ಲೇ ನಿದ್ದೆ ಬಂತು. ಈಚೆ ಬಂದಾಗ ಮಾಲೀಕರು ಗಡಗಡ ನಡುಗ್ತಾ ಏನಾಯ್ತೋ ಅಂದ್ರು. ಏನಿಲ್ಲ ಸ್ವಾಮಿ, ಒಂದು ಮಗ್ಗುಲು ಬೆಂದಿತ್ತು, ಇನ್ನೊಂದಕ್ಕೆ ಹೊರಳೋ ಅಷ್ಟರಲ್ಲಿ ಎಚ್ಚರ ಆಯ್ತು ಅಂದೆ.

ಈ ಕಥೆ ಕೇಳಿದಾಗೆಲ್ಲ ಸೊಸೆ ನಗ್ತಾಳೆ. ಓವನ್ ತೊಳೆದ ದಿನ ಮಾತ್ರ ನಗಲಿಲ್ಲ.

ಕೋಳಿಯ ಗುರುತು

ಸೊಸೆ ಮನೇಲೇ ಮೊಟ್ಟೆ ಇಲ್ಲದ ಕೇಕ್ ಮಾಡಿ ಮಾರ್ತಾಳೆ. ಹುಬ್ಬಳ್ಳಿ ಕಡೆಯ ಒಬ್ಬ ಅಮ್ಮ ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆ ಕೇಕ್ ಕೇಳಿದ್ದರು. ಕಟ್ಟಾ ಸಸ್ಯಾಹಾರಿ. ಸಂಜೆ ಬಂದು ಓವನ್ ಕಣ್ಣಾರೆ ನೋಡಿ, ಮೂಸಿ, ಆಮೇಲೇ ಒಪ್ಪೋದು ಅಂದಿದ್ದರು. ಒಪ್ಪಿದರೆ ಅವರ ಭಜನಾ ಮಂಡಳಿ ಪೂರ್ತಿ ಸೊಸೆಯ ಗಿರಾಕಿ. ಮೂಗು ಮುರಿದರೆ ಸೊಸೆ ಅಂಗಡಿ ಮುಚ್ಚಿದ ಹಾಗೇ.

ಬೆಳಿಗ್ಗೆ ಅವಳು ಓವನ್ ಬಾಗಿಲು ತೆಗೆದಳು. ಒಳಗೆಲ್ಲ ಕೊಬ್ಬು ಸಿಡಿದು ಕಪ್ಪಗೆ ಅಂಟಿತ್ತು. ಅವಳು ಪ್ರತಿ ಭಾನುವಾರ ಹುಣಸಮಾರನಹಳ್ಳಿಯ ತವರಿಗೆ ಹೋಗ್ತಾಳೆ. ಅವಳ ಬಸ್ಸು ತಿರುಗಿದ್ದೇ ತಡ, ಮಗ ಮತ್ತವನ ಸ್ನೇಹಿತ ಇದರಲ್ಲಿ ಕೋಳಿ ಸುಡ್ತಾರೆ. ಪ್ರತಿ ಸಲ ಒರೆಸಿಡೋರು, ಈ ಸಲ ಮರೆತಿದ್ದರು. ಮಗ ಅವತ್ತು ತಿಂಡಿ ತಿನ್ನದೆ ಕೆಲಸಕ್ಕೆ ಓಡಿದ್ದ.

"ಮಾವ, ನಿಮಗೆ ಗೊತ್ತಿತ್ತಾ?" ಅಂದಳು.

ಕೋಳಿ ಕಾಲು ಮನೆ ಹಿರಿಯನಿಗೆ ಕೊಡೋದು ಪದ್ಧತಿ ಅಂತಷ್ಟೇ ಅಂದೆ.

ಬೂದಿ, ಹುಣಸೆಹಣ್ಣು

ಹುಬ್ಬಳ್ಳಿ ಅಮ್ಮನಿಗೆ ಫೋನ್ ಮಾಡಿ ಬರಬೇಡಿ ಅಂತೀನಿ ಅಂದಳು ಸೊಸೆ. ಕಣ್ಣಲ್ಲಿ ನೀರು. ನಾನಿದೀನಲ್ಲಮ್ಮ ಅಂತ ಪಂಚೆ ಎತ್ತಿ ಕಟ್ಟಿದೆ. ಹಿತ್ತಾಳೆ ಹಂಡೆ ಬೆಳಗೋದು ಹೇಗೋ ಹಾಗೇ, ಬೂದಿ, ಹುಣಸೆಹಣ್ಣು, ತೆಂಗಿನ ನಾರು ತಗೊಂಡು ಒಳಗೂ ಹೊರಗೂ ಉಜ್ಜಿದೆ. ನನ್ನ ತೋಳಿನ ಬಲಕ್ಕೆ ಓವನ್ ಕಟ್ಟೆ ಬಿಟ್ಟು ಹಾಲ್‌ವರೆಗೂ ಹೋಗಿ ವಾಪಸ್ ಬಂತು. ಕಪ್ಪು ಬಿಡ್ತು, ಕನ್ನಡಿ ಆಯ್ತು.

ಸೊಸೆ ಬಂದು ತಿರುಗಿಸೋ ಗುಂಡಿ ನೋಡಿದಳು. ಸುತ್ತ ಬರೆದಿದ್ದ ಶಾಖದ ನಂಬರುಗಳೆಲ್ಲ ಬೂದಿ ಜೊತೆ ಹೋಗಿದ್ದವು. ಇನ್ನು ಎಷ್ಟು ಬಿಸಿ ಇಟ್ಟೆ ಅಂತ ಹೆಂಗೆ ತಿಳೀಬೇಕು ಮಾವ ಅಂದಳು. ಕೈ ಒಳಗಿಟ್ಟು ನೋಡಮ್ಮ, ಸುಟ್ಟರೆ ಬಿಸಿ ಇದೆ ಅಂತ ಅರ್ಥ ಅಂದೆ.

ಓವನ್‌ಗೆ ಬಾಣಂತನ

ಕೊಳೆ ಹೋಯ್ತು, ವಾಸನೆ ಹೋಗಲಿಲ್ಲ. ಹೊತ್ತು ಇಳೀತಿತ್ತು. ಕೂಸಿಗೆ ಎಣ್ಣೆ ನೀರು ಹಾಕಿದ ಮೇಲೆ ಏನು ಮಾಡ್ತೀವಿ? ಸಾಂಬ್ರಾಣಿ ಹೊಗೆ ಕೊಡ್ತೀವಿ. ಒಂದು ಬಟ್ಟಲು ಕೆಂಡಕ್ಕೆ ಸಾಂಬ್ರಾಣಿ ಸುರಿದು, ಓವನ್ ಒಳಗಿಟ್ಟು ಬಾಗಿಲು ಹಾಕಿದೆ. ಹೊಗೆ ಸಂದುಸಂದಲ್ಲೂ ಹೊರಟು ಮಹಡಿ ಮೇಲಿನವರ ಮನೆ ತುಂಬ್ತು. ಅವರು ಬೆಂಕಿ ಬಿತ್ತು ಅಂತ ಮಗೂನ, ಟಿವೀನ ಎತ್ಕೊಂಡು ಬೀದಿಗೆ ಬಂದರು.

ಹೊಗೆ ತಿಳಿಯಾದ ಮೇಲೆ ಸೊಸೆ ಮೂಸಿ ನೋಡಿದಳು. ಕೋಳಿ ಎಣ್ಣೆ ಸ್ನಾನ ಮಾಡಿ ಮಲಗಿದ ಹಾಗಿದೆ ಮಾವ ಅಂದಳು.

ಅಷ್ಟರಲ್ಲಿ ಕರೆಗಂಟೆ ಹೊಡೀತು.

ಅಮ್ಮನ ಮೂಗು

ಅಮ್ಮ ಬಂದರು. ಹಿಂದೆ ಹೆಲ್ಮೆಟ್ ಹಿಡ್ಕೊಂಡು ಅವರ ಮಗ. ಇವನೇ ನಿಮ್ಮ ಕೇಕ್ ಭಾಳ ಚಲೋ ಅಂತ ಹೇಳಿದಾವ ಅಂತ ಪರಿಚಯ ಮಾಡಿದರು. ಭಾನುವಾರದ ಸ್ನೇಹಿತ ಅವನೇ. ಅವನು ನನ್ನನ್ನ ಹುಟ್ಟಿದಾರಭ್ಯ ನೋಡಿಲ್ಲದವನ ಹಾಗೆ ನಮಸ್ಕಾರ ಮಾಡಿದ.

ಅಮ್ಮ ಓವನ್ ಒಳಗೆ ತಲೆ ಹಾಕಿದರು. ಸಾಂಬ್ರಾಣಿ ಮೂಗಿಗೆ ಬಡೀತು, ಮುಖ ಅರಳಿತು. ಚಲೋ ಇಟ್ಟೀರಿ ಅಂದರು. ನಾನು ಮೀಸೆ ಮೇಲೆ ಕೈ ಇಟ್ಟೆ. "ಈಗ ಹಚ್ರಿ, ಕಾದ ಮ್ಯಾಲೆ ನೋಡೂಣು" ಅಂದರು.

ಮಗ, ಕರೆಂಟ್ ಯಾಕವ್ವ ದಂಡ ಅಂದ. ಅಮ್ಮ ಕೇಳಲಿಲ್ಲ. ಸೊಸೆ ಗುಂಡಿ ತಿರುಗಿಸಿದಳು. ನಂಬರ್ ಇಲ್ಲವಲ್ಲ, ಕೊನೇವರೆಗೂ ತಿರುಗಿತು. ಮೊದಲು ಸಾಂಬ್ರಾಣಿ ಬಂತು. ಅದರ ಹಿಂದೆ ಮೆಲ್ಲಗೆ ಇನ್ನೊಂದು ಬಂತು.

ಅಮ್ಮನ ಮೂಗು ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಆಡ್ತು. ಆಮೇಲೆ ಮಗನ ಕಡೆ ತಿರುಗಿದರು.

"ಭಾನುವಾರ ಓವರ್‌ಟೈಮ್ ಮಾಡಿ ಬಂದಾಗ ನಿನ್ನ ಅಂಗಿಗೆ ಇದ ವಾಸನಿ ಇರ್ತದಲ್ಲ. ಮಶೀನ್ ಎಣ್ಣಿ ಅಂತಿದ್ದಿ."

ಅವನು ಹೆಲ್ಮೆಟ್ ಹಾಕ್ಕೊಂಡ. ಮನೆಯೊಳಗೇ.

"ಹಂಗಾರ ನಿನ್ನ ಫ್ಯಾಕ್ಟರಿ ಇದ ಏನು?"

ನಾನು ಒಂದು ಒಳ್ಳೇ ಕಥೆ ಹೇಳೋಣ ಅಂತ ಬಾಯಿ ತೆಗೆದೆ. ಸೊಸೆ ಬಿಡಲಿಲ್ಲ. ನನಗೂ ಇವತ್ತೇ ಗೊತ್ತಾಗಿದ್ದು ಅಮ್ಮ, ಇದರಲ್ಲಿ ನಿಮಗೆ ಕೇಕ್ ಮಾಡಿಕೊಡಲ್ಲ, ಮೋಸ ಆಗುತ್ತೆ ಅಂದುಬಿಟ್ಟಳು.

ಅಮ್ಮ ಅವಳನ್ನೇ ನೋಡಿದರು. ಖರೇ ಹೇಳಿದಾಕಿ ನೀ ಒಬ್ಬಾಕೀನ ಅಂದರು. ಆಮೇಲೆ ಹೆಲ್ಮೆಟ್ ಮೇಲೆ ಬೆರಳಿಂದ ಕುಟ್ಟಿ, "ನಾಳೆ ಹೊಸಾ ಓವನ್ ತಂದು ಈಕಿಗೆ ಕೊಡಾಂವ ನೀ. ಅದು ಕೇಕಿಗಷ್ಟ. ಭಾನುವಾರಕ್ಕ ಅದರ ಕೀಲಿ ನನ್ನ ಹತ್ರ ಇರ್ತದ" ಅಂದರು.

ಓವನ್ ಬಂತು, ಭಜನಾ ಮಂಡಳಿಯೂ ಬಂತು. ಓವನ್ ತೊಳೆಯೋರು ಊರು ತುಂಬ ಇದ್ದಾರೆ. ಒಂದನ್ನು ತೊಳೆದು ಎರಡು ಮಾಡಿದವನು ನನ್ನ ಬಿಟ್ಟು ಇನ್ನೊಬ್ಬ ಇದ್ದರೆ ಕರ್ಕೊಂಡು ಬನ್ನಿ.