ಎಂಟು ಹೆಸರಿನ ಛತ್ರಿ

ನನ್ನ ಮಾಮಾನಿಗೆ ತಲೆ ನೆಟ್ಟಗಿಲ್ಲ ಎಂದು ಮುಂಬಯಿಯ ಮುಲುಂಡಿನಲ್ಲಿ ಮೊದಲು ಸಾರಿದವಳು ನನ್ನ ಅವ್ವ. ಒಡಹುಟ್ಟಿದ ಅಕ್ಕನೇ ಹೀಗೆಂದ ಮೇಲೆ ನಮ್ಮ ಚಾಳಿನ ನೆರೆಹೊರೆಯವರು ಸುಮ್ಮನಿರುತ್ತಾರೆಯೇ! ಧಾರವಾಡದಿಂದ ಬಂದು ನಮ್ಮ ಕನ್ನಡ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಈ ಮಹಾಶಯ, ತರಕಾರಿಗೆಂದು ಹೋದರೆ ತರಕಾರಿ ಮರೆತು, ಮಾರುವವಳು ತಕ್ಕಡಿ ಹಿಡಿಯುವ ಹಿಕಮತ್ತು ಕಲಿತು ಬರುತ್ತಿದ್ದ. ಅವತ್ತು ನಮಗೆ ಬರೀ ಅನ್ನ, ಮಜ್ಜಿಗೆ.

ಎಪ್ಪತ್ತರ ದಶಕದ ಆರಂಭದ ಮಾತು. ಒಂಬತ್ತನೇ ಕ್ಲಾಸಿನಲ್ಲಿ ನಾವು ಎಂಟು ಮಂದಿ ಹೆಸರಿಗಷ್ಟೇ ವಿದ್ಯಾರ್ಥಿಗಳು. ಶಾಲೆಯೆಂದರೆ ಆಕಳಿಕೆ! ಪಾಟೀಚೀಲ ಹೊತ್ತು ಮನೆ ಬಿಟ್ಟರೆ ನೇರ ಸ್ಟೇಷನ್ನಿನ ಸೇತುವೆ. ಕೊನೆಗೆ ಹೆಡ್ ಮಾಸ್ತರರು ಗುಡುಗಿದರು: ದೀಪಾವಳಿ ಪರೀಕ್ಷೆಯಲ್ಲಿ ನಪಾಸಾದವರ ಹೆಸರು ಹಾಜರಿ ಪುಸ್ತಕದಿಂದ ಔಟ್! ಅಪ್ಪ ಅದಕ್ಕೊಂದು ಬಾಲ ಸೇರಿಸಿದ. ನನ್ನ ಹೆಸರು ಹೋದ ದಿನವೇ ಊರಿಗೆ ಪತ್ರ, ವರ ನೋಡಲು. ನನಗೆ ಆಗ ಹದಿನೈದು.

ಮರುದಿನ ಸೇತುವೆಯ ಮೇಲೆ ಮಾಮಾ ಪ್ರತ್ಯಕ್ಷ! ನಮ್ಮ ಜೀವ ಬಾಯಿಗೆ ಬಂತು. ಅವನೋ, ನಮ್ಮ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ.

"ಬಡೀತೀರೇನ್ರಿ, ಸರ್?" ಎಂದ ನಮ್ಮಲ್ಲೊಬ್ಬ.

"ತಡಿಯೋ, ಎಣಸಾಕತ್ತೇನಿ. ಹತ್ತು ಮಂದ್ಯಾಗ ಒಂಬತ್ತು ಮಂದಿ ಕೈಯಾಗ ಕರೀ ಛತ್ರಿ. ಲೋಕಲ್‌ನ್ಯಾಗ ಯಾರದು ಯಾವುದಂತ ಹೆಂಗ ತಿಳೀಬೇಕು? ಛತ್ರಿ ಮ್ಯಾಲೆ ಹೆಸರು ಬರದು ಕೊಡೋಣು. ಧಂಧಾ ಇಲ್ಲೇ ಐತಲ್ಲೋ!"

ಎಣಿಸುತ್ತ ಎಣಿಸುತ್ತ ಸಂಜೆಯಾಯಿತು. ಆ ದಿನ ಶಾಲೆಗೆ ಗೈರುಹಾಜರಾದವರು ಎಂಟು ವಿದ್ಯಾರ್ಥಿಗಳು, ಒಬ್ಬ ಗಣಿತದ ಮಾಸ್ತರ.

ಹೀಗೆ ಶುರುವಾಯಿತು ನಮ್ಮ ಕಂಪನಿ. ಕಾಯಿದೆ ಒಂದೇ: ವಾರದಲ್ಲಿ ಗಣಿತದ ಒಂದು ಪಿರಿಯಡ್ ತಪ್ಪಿಸಿದರೂ ರವಿವಾರ ಕೈಗೆ ಬ್ರಶ್ ಇಲ್ಲ. ಕೈ ಪಳಗಲು ಛತ್ರಿ ಎಲ್ಲಿಂದ ತರುವುದು? ಮಾಮಾ ತನ್ನದನ್ನೇ ಬಿಚ್ಚಿದ. ಅವ್ವ ಕೊಡಿಸಿದ ಹೊಚ್ಚ ಹೊಸದು! ಎಂಟು ಕಡ್ಡಿ, ಎಂಟು ಪಟ್ಟಿ, ನಾವೂ ಎಂಟು ಮಂದಿ. ಒಬ್ಬೊಬ್ಬರೂ ಒಂದೊಂದು ಪಟ್ಟಿಯ ಮೇಲೆ ಬಿಳಿ ಎಣ್ಣೆಬಣ್ಣದಲ್ಲಿ ನಮ್ಮ ನಮ್ಮ ಹೆಸರು ಬರೆದೆವು. ಅವನ ಹೆಸರಿಗೇ ಜಾಗ ಉಳಿಯಲಿಲ್ಲ. ಅವ್ವ ಮೂರು ದಿನ ಅವನೊಡನೆ ಮಾತು ಬಿಟ್ಟಳು.

ಮೊದಲ ರವಿವಾರ ಗಿರಾಕಿಗಳೋ ಗಿರಾಕಿಗಳು! ಬೆಳಿಗ್ಗೆ ಛತ್ರಿ ಕೊಟ್ಟು, ಹೆಸರು ಹೇಳಿ ಹೋದರು. ಬಣ್ಣಕ್ಕೆ ಟರ್ಪೆಂಟೈನ್ ಎಷ್ಟು ಬೆರೆಸಬೇಕೆಂಬ ಲೆಕ್ಕದಲ್ಲಿ ಅನುಪಾತವೆಂಬ ಭೂತ ಸದ್ದಿಲ್ಲದೆ ನಮ್ಮ ತಲೆಗೆ ಇಳಿಯಿತು. ಮಾಮಾ ಒಂದೊಂದೇ ಛತ್ರಿ ಎತ್ತಿ ನೋಡಿ, "ಆಹಾ, ಏನು ದುಂಡಗಿನ ಅಕ್ಷರ!" ಎಂದು ಕುಣಿದಾಡಿದ. ಸಂಜೆ ಗುಜರಾತಿ ಕಿರಾಣಿ ಅಂಗಡಿಯವನು ತನ್ನದನ್ನು ಬಿಚ್ಚಿ, ಹೆಸರು ಕಾಣದೆ ಹೌಹಾರಿದ.

"ಅರೇ ಮಾಸ್ಟರ್, ಮೇರಾ ನಾಮ್ ಕಿಧರ್ ಹೈ? ಯೇ ಕ್ಯಾ ಜಲೇಬಿ ಬನಾಯಾ?"

ಅಷ್ಟೂ ಛತ್ರಿಗಳ ಮೇಲೆ ಅಚ್ಚ ಕನ್ನಡ! ಬರೆದವರಿಗೂ ಹೊಳೆದಿರಲಿಲ್ಲ, ತಿದ್ದಿದವನಿಗೂ ಹೊಳೆದಿರಲಿಲ್ಲ. ಶಾಲೆಯಲ್ಲಿ ಹಿಂದಿ, ಮರಾಠಿ ಕಲಿಸುತ್ತಿರಲಿಲ್ಲವೇ? ಕಲಿಸುತ್ತಿದ್ದರು. ಆ ಪಿರಿಯಡ್ಡುಗಳಿಗೆ ನಾವು ಕೂತಿದ್ದರೆ ತಾನೆ! ಸೋಮವಾರ ಎಂಟೂ ಮಂದಿ ಮೊದಲ ಬೆಂಚಿನಲ್ಲಿ ಕೂತಿದ್ದನ್ನು ಕಂಡು ಮರಾಠಿ ಮಾಸ್ತರರು ತಪ್ಪು ಕ್ಲಾಸಿಗೆ ಬಂದೆನೆಂದು ಹೊರಗೆ ಹೋಗಿಬಿಟ್ಟರು.

ತಿಂಗಳು ಕಳೆಯಿತು. ನಮ್ಮ ಮರಾಠಿ ಕೈಬರಹ ಆಗಷ್ಟೇ ಕುದುರಿತ್ತು. ಕಿರಾಣಿಯವನು ಮನೆಮಂದಿಯ ಛತ್ರಿಗಳನ್ನೆಲ್ಲ ಹೊತ್ತು ಓಡಿ ಬಂದ. ಲೋಕಲ್‌ನಲ್ಲಿ ಮರೆತ ಅವನ ಛತ್ರಿ ತಾನಾಗಿ ಮರಳಿತ್ತಂತೆ! ಸಿಕ್ಕವರಿಗೆ ಓದಲು ಬಾರದೆ ವಿಚಾರಿಸಿದರೆ, ಎಲ್ಲರೂ ಕನ್ನಡ ಶಾಲೆಗೆ ಕೈತೋರಿಸಿದ್ದರು; ಅಲ್ಲಿ ಯಾರೋ ಹೆಸರು ಓದಿ ಅಂಗಡಿಗೆ ಕಳಿಸಿದ್ದರು. "ಸಬ್ ಪೇ ಜಲೇಬಿ ಲಿಖೋ!" ಎಂದ, ಎಲ್ಲದರ ಮೇಲೂ ಕನ್ನಡವೇ ಬೇಕಂತೆ. ಇನ್ನು ಕೇಳಬೇಕೇ? ಊರಿಗೆಲ್ಲ ಜಲೇಬಿಯೇ ಬೇಕಾಯಿತು!

ದೀಪಾವಳಿ ಪರೀಕ್ಷೆ ಬಂತು. ಏಳು ಮಂದಿ ಪಾಸು. ನಾನು ನಪಾಸು! ಅದೂ ಗಣಿತದಲ್ಲಿ, ಮೂವತ್ತೈದಕ್ಕೆ ಎರಡು ಕಡಿಮೆ. ಸ್ವಂತ ಅಕ್ಕನ ಮಗಳಿಗೆ ಎರಡು ಅಂಕ ಹಾಕಬಾರದಿತ್ತೇ, ಪಾಪಿ!

ಹೆಡ್ ಮಾಸ್ತರರು ಹಾಜರಿ ಪುಸ್ತಕ ತೆರೆದು ಕೆಂಪು ಪೆನ್ನು ಎತ್ತಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಆಗ ಮಾಮಾ, ಆಫೀಸಿನ ಒಳಗೇ, ಫಟ್ಟನೆ ಛತ್ರಿ ಬಿಚ್ಚಿದ.

"ಏನ್ರಿ ಮಾಸ್ತರ, ಇಲ್ಲೇನು ಮಳಿ ಬರಾಕತ್ತೇತೇನು?"

"ಮೊದಲ ಇಲ್ಲಿ ಈಕಿ ಹೆಸರು ಅಳಸ್ರಿ ಸರ್. ಆಮ್ಯಾಲೆ ಪುಸ್ತಕದಾಗ ಹೊಡೀರಿ. ನಾಕು ತಿಂಗಳ ಮಳ್ಯಾಗೂ ಹೋಗಿಲ್ಲ ಇದು. ಇದನ್ನ ಬರದ ಮ್ಯಾಲೆ ನನ್ನ ಕ್ಲಾಸು ತಪ್ಪಿಸಿಲ್ಲ ಈಕಿ, ಒಂದ ದಿನಾನೂ. ಎರಡು ಮಾರ್ಕು ಕಡಿಮಿ ಬಿದ್ದದ್ದು ನಾ ಕಲಿಸಿದ್ರಾಗ."

ಹೆಡ್ ಮಾಸ್ತರರು ಛತ್ರಿಯನ್ನು ಸುತ್ತ ತಿರುಗಿಸಿ ಎಂಟೂ ಹೆಸರು ಓದಿದರು. ಪೆನ್ನಿಗೆ ಟೋಪಿ ಹಾಕಿ, "ವಾರ್ಷಿಕ ಪರೀಕ್ಷಾತನಕ ನೋಡೋಣ" ಎಂದರು. ವಾರ್ಷಿಕದಲ್ಲಿ ನಾನು ಪಾಸಾದೆ. ಊರಿಗೆ ಪತ್ರ ಹೋಗಲೇ ಇಲ್ಲ.

ಮಾಮಾ ಮತ್ತೆ ಹೊಸ ಛತ್ರಿ ಕೊಳ್ಳಲಿಲ್ಲ. ಬಟ್ಟೆಗೆ ತೇಪೆ ಬಿತ್ತು, ಕಡ್ಡಿ ಸೊಟ್ಟಗಾಯಿತು, ತಲೆ ನೆನೆಯಿತು. ಕೊಂಡರೆ ತಾನೆ! ನಾನೇ ಟೀಚರಾಗಿ ಮೊದಲ ದಿನ ಕೆಲಸಕ್ಕೆ ಹೊರಟಾಗ, ಸುರಿಯುವ ಮಳೆಯಲ್ಲಿ ಅದನ್ನೇ ಹಿಡಿದು ಸ್ಟೇಷನ್ನಿಗೆ ಬಿಡಲು ಬಂದ. ಸೇತುವೆಯ ಮೇಲೆ ಕನ್ನಡದವರೊಬ್ಬರು ತಲೆಯೆತ್ತಿ ಓದಿ ನಕ್ಕರು.

"ಇದರಾಗ ನಿಮ್ಮ ಹೆಸರು ಯಾವುದ್ರಿ?"

ಮಾಮಾ ಛತ್ರಿಯನ್ನು ನನ್ನ ಕಡೆಗೆ ಇನ್ನಷ್ಟು ವಾಲಿಸಿದ. ಅವನ ಎಡಹೆಗಲು ಪೂರ್ತಿ ತೊಯ್ದಿತ್ತು.

"ನನ್ನದು ಇದರಾಗಿಲ್ರಿ. ಛತ್ರಿ ಇವರದು. ನಾ ಹಿಡಕೊಂಡೇನಿ, ಅಷ್ಟ."