ಅನಧಿಕೃತ ಬೆಳಕಿನಲ್ಲಿ ಕಂಡ ಕಡತ

ನಮ್ಮ ಕಚೇರಿಯ ಹಿಂದಿರುವ ಹಳೇ ಕಡತಗಳ ಕೊಟ್ಟಿಗೆಯಲ್ಲಿ ಕತ್ತಲೆ ಇದೆ ಎಂಬುದನ್ನು ಮೇಲಿನ ಕಚೇರಿಯು ಹೋದ ವರ್ಷ ಅಧಿಕೃತವಾಗಿ ಒಪ್ಪಿಕೊಂಡಿತು. ಅದಕ್ಕೆ ಹಿಂದಿನ ಮೂವತ್ತೊಂದು ವರ್ಷ ಅಲ್ಲಿದ್ದದ್ದು ಸಿಬ್ಬಂದಿಯ ವೈಯಕ್ತಿಕ ಅಭಿಪ್ರಾಯ ಮಾತ್ರ. ಈ ಒಪ್ಪಿಗೆಗೆ ಕಾರಣವಾದ ಟಿಪ್ಪಣಿಯನ್ನು ಬರೆದವನು ಹಿರಿಯ ಗುಮಾಸ್ತನಾದ ನಾನು. ಜಂಬ ಕೊಚ್ಚಿಕೊಳ್ಳುತ್ತಿಲ್ಲ. ಟಿಪ್ಪಣಿಯ ಕೆಳಗೆ ನನ್ನ ಸಹಿ ಇದೆ, ಮೂರು ದಿನ ಮೊದಲೇ ಅರ್ಜಿ ಕೊಟ್ಟು ಯಾರು ಬೇಕಾದರೂ ನೋಡಬಹುದು.

ಕೊಟ್ಟಿಗೆ ದೊಡ್ಡದೇನಲ್ಲ. ತಗಡಿನ ಮಾಡು, ಕಚೇರಿಯ ಗೋಡೆಗೆ ಎದುರಾಗಿ ಬೆಳಕು ಹೆಚ್ಚು ಬಾರದ ಒಂದು ಬಾಗಿಲು, ಆರು ಕಪಾಟು. ಇದ್ದ ಒಂದೇ ಕಿಟಕಿಯಲ್ಲಿ ಪಾರಿವಾಳ ಗೂಡು ಕಟ್ಟಿತೆಂದು ಇಟ್ಟಿಗೆ ಇಟ್ಟು ಮುಚ್ಚಲಾಗಿದೆ. ಕಚೇರಿಯ ನಕ್ಷೆ ಬರೆದವರು ಕೊಟ್ಟಿಗೆಯನ್ನು ಮರೆತದ್ದರಿಂದ ಕಾಗದದ ಮೇಲೆ ಅದು ಇಲ್ಲ, ಇಲ್ಲದ ಕಟ್ಟಡಕ್ಕೆ ಕರೆಂಟು ಕೊಡಲು ಬರುವುದಿಲ್ಲ. ಹಿಂದೊಮ್ಮೆ ಯಾರೋ ಪೆನ್ನಿನ ಮುಚ್ಚಳ ಹುಡುಕಲು ಕಡ್ಡಿ ಗೀರಿ ಅರ್ಧ ಕಪಾಟು ಸುಟ್ಟ ಮೇಲೆ, ಬೆಂಕಿಪೊಟ್ಟಣ, ಮೇಣದಬತ್ತಿ, ಟಾರ್ಚು, ಮೊಬೈಲು ಮತ್ತು ಮಿಣುಕುಹುಳುಗಳನ್ನು ಒಳಗೆ ಒಯ್ಯಬಾರದೆಂದು ನಿಯಮವಾಯಿತು. ಮಿಣುಕುಹುಳು ಸೇರಿಸಿದ್ದು ನಾನು, ಯಾರೂ ಅತಿಬುದ್ಧಿವಂತಿಕೆ ಮಾಡಬಾರದೆಂದು. ಒಳಗೆ ಹೋದ ಕಡತ ಹೊರಗೆ ಬರುತ್ತಿರಲಿಲ್ಲ, ಅದರಿಂದ ಯಾರಿಗೂ ತೊಂದರೆಯೂ ಇರಲಿಲ್ಲ.

ತೊಂದರೆ ಶುರುವಾದದ್ದು ನಮ್ಮ ಜವಾನನಿಗೆ ವಯಸ್ಸಾದಾಗ. ಅವನ ಹೆಂಡತಿ ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಗಂಡ ನಿವೃತ್ತನಾಗಿ ಬಂದು ಪಕ್ಕದಲ್ಲಿ ಕೂತು ಶರ್ಟುಗಳಿಗೆ ಗುಂಡಿಯ ಕಾಜಾ ಹಾಕಲಿ ಎಂದು ಒಂದು ಸ್ಟೂಲು ಮಾಡಿಸಿ, ಅದರ ಮೇಲೆ ಯಾರನ್ನೂ ಕೂರಲು ಬಿಡದೆ ಎರಡು ವರ್ಷದಿಂದ ಕಾದಿದ್ದಳು. ಅವನೂ ಸಾಹೇಬರ ಬಾಗಿಲ ಬಳಿ ಕೂತು, ಕಡತ ಕಟ್ಟುವ ಕೆಂಪು ಬಟ್ಟೆಯ ಚೂರುಗಳಿಗೆ ಕಾಜಾ ಹಾಕಿ ಹಾಕಿ ಕೈ ಪಳಗಿಸಿಕೊಂಡಿದ್ದ. ಬೆಲ್ಲು ಹೊಡೆದರೆ ಸೂಜಿಯನ್ನು ಕಾಲರಿಗೆ ಸಿಕ್ಕಿಸಿ ಓಡುತ್ತಿದ್ದ.

ಒಂದು ದಿನ ಬೆಲ್ಲು ಆಗದಿದ್ದರೂ ಒಳಗೆ ಹೋದ.

“ಸಾರ್, ಇನ್ನು ನಾಲ್ಕು ತಿಂಗಳಿಗೆ ನಂಗೆ ಅರವತ್ತು ತುಂಬುತ್ತೆ.”

“ಯಾರು ಹೇಳಿದ್ದು?” ಎಂದರು ಸಾಹೇಬರು.

“ನಮ್ಮಮ್ಮ ಹೇಳ್ತಿದ್ಲು ಸಾರ್.”

“ದಾಖಲೆ?”

“ನನ್ನ ಸೇವಾ ಪುಸ್ತಕದಲ್ಲಿ ಬರೆದಿದೆ. ಪುಸ್ತಕ ಕೊಟ್ಟಿಗೇಲಿದೆ.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕಲ್ಲುಹೃದಯದವರಲ್ಲ. “ಹಾಗಾದ್ರೆ ಅದು ಸಿಗೋವರೆಗೆ ನಿಂಗೆ ಅರವತ್ತು ಆಗೋ ಹಾಗಿಲ್ಲಪ್ಪ,” ಎಂದರು.

ಜವಾನನ ಮುಖ ಬಾಡಿತು. ನನಗೂ ಪಾಪ ಅನ್ನಿಸಿತು. ಅವನೂ ನಾನೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಇಲ್ಲಿಗೆ ಬಂದವರು. ಅಂದೇ ಸಂಜೆ ಟಿಪ್ಪಣಿ ಬರೆದೆ: ತಂತಿಯ ಹಂಗಿಲ್ಲದ ಸೌರ ಬೆಳಕು ಯೋಜನೆಯಡಿ ಕೊಟ್ಟಿಗೆಗೆ ಒಂದು ಪ್ಯಾನೆಲ್ಲು, ಒಂದು ಬ್ಯಾಟರಿ, ಒಂಬತ್ತು ವ್ಯಾಟಿನ ಒಂದು ದೀಪ ಮಂಜೂರು ಮಾಡಬಹುದು.

ಯೋಜನೆಯ ಪ್ರಕಾರ ಕತ್ತಲೆ ಪರಿಶೀಲನಾಧಿಕಾರಿಗಳು ಬಂದು ಸ್ಥಳದಲ್ಲಿ ಕತ್ತಲೆ ಇದೆಯೆಂದು ಪ್ರಮಾಣಪತ್ರ ಕೊಡಬೇಕು. ಅವರು ಬೆಳಿಗ್ಗೆ ಹನ್ನೊಂದಕ್ಕೆ ಬಂದರು. ಒಳಗೆ ಹೋಗಿ, ಕಪಾಟಿಗೆ ಮೊಣಕಾಲು ಬಡಿಸಿಕೊಂಡು ಹೊರಗೆ ಬಂದರು.

“ಒಳಗೆ ಏನೂ ಕಾಣಿಸ್ಲಿಲ್ಲ.”

“ಅದೇ ಕತ್ತಲೆ ಸಾರ್,” ಎಂದ ಜವಾನ.

“ಕಾಣಿಸ್ದೇ ಇರೋದನ್ನ ಖುದ್ದಾಗಿ ನೋಡಿದ್ದೇನೆ ಅಂತ ಹೇಗ್ರೀ ಬರೀಲಿ? ನಾಳೆ ಯಾರಾದ್ರೂ ಕೇಳಿದ್ರೆ?”

ಮೂರು ಸಲ ಬಂದು ಮೂರು ಸಲವೂ ಮೊಣಕಾಲು ಬಡಿಸಿಕೊಂಡರು. ಕೊನೆಗೆ ನಾನೇ ಒಂದು ದಾರಿ ತೋರಿಸಿದೆ. ಅಧಿಕಾರಿಗಳು ನಮೂನೆಯಲ್ಲಿದ್ದ ‘ಕತ್ತಲೆಯನ್ನು ಕಂಡಿರುತ್ತೇನೆ’ ಎಂಬುದನ್ನು ಹೊಡೆದುಹಾಕಿ ‘ಬೆಳಕನ್ನು ಕಂಡಿರುವುದಿಲ್ಲ’ ಎಂದು ಬರೆದು ಸಹಿ ಹಾಕಿದರು. ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

ಸಾಮಾನು ಬಂತು. ಜೊತೆಗೆ ಅದನ್ನು ಕೂರಿಸುವ ಕೆಲಸದಾಕೆಯೂ ಬಂದಳು. ಐವತ್ತರ ಆಸುಪಾಸಿನ ಹೆಂಗಸು, ಎಲ್ಲಿಗೆ ಹೋದರೂ ಹೆಗಲ ಮೇಲೆ ಏಣಿ ಇರುತ್ತದೆಂದು ಊರೆಲ್ಲ ಏಣಿಯಮ್ಮ ಅನ್ನುತ್ತದೆ. ಪ್ಯಾನೆಲ್ಲನ್ನು ಕಂಕುಳಲ್ಲಿ ಇರುಕಿಕೊಂಡು ಮಾಡು ಹತ್ತಲು ಎರಡು ಮೆಟ್ಟಿಲು ಏರಿದ್ದಳು, ಅಷ್ಟರಲ್ಲಿ ಉಗ್ರಾಣದ ಮೇಡಂ ನಿಯಮದ ಪುಸ್ತಕ ಹಿಡಿದು ಓಡಿ ಬಂದರು.

“ಇಳೀರಿ ಕೆಳಗೆ! ಕಚೇರಿಯ ಬೆಲೆಬಾಳೋ ವಸ್ತುನ ಬಿಸಿಲು, ಮಳೆ, ಧೂಳು ತಾಗದ ಹಾಗೆ ಬೀಗದ ಒಳಗೆ ಇಡಬೇಕು. ಹದಿನಾಲ್ಕನೇ ನಿಯಮ.”

“ಬಿಸಿಲು ತಾಗದೆ ಹೋದ್ರೆ ಇದು ಕೆಲಸ ಹೇಗ್ ಮಾಡುತ್ತೆ ಮೇಡಂ? ಇದಕ್ಕೆ ಬಿಸಿಲೇ ಊಟ.”

“ಅದು ನಂಗ್ಯಾಕೆ? ಮಾಡಿನ ಮೇಲಿಂದ ಕಳುವಾದ್ರೆ ನೀವು ಬಂದು ಉತ್ತರ ಕೊಡ್ತೀರಾ?”

ಏಣಿಯಮ್ಮ ಸಾಹೇಬರ ಕಡೆ ನೋಡಿದಳು. ಸಾಹೇಬರು ನನ್ನ ಕಡೆ ನೋಡಿದರು. ನಾನು ಪುಸ್ತಕ ನೋಡಿದೆ. ಮೇಡಂ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಹೀಗಾಗಿ ಪ್ಯಾನೆಲ್ಲನ್ನು ಕೊಟ್ಟಿಗೆಯ ಒಳಗೆ ಮೇಜಿನ ಮೇಲೆ ಅಂಗಾತ ಮಲಗಿಸಿ, ಧೂಳು ಬೀಳದಂತೆ ಬಟ್ಟೆ ಹೊದಿಸಿ ಬೀಗ ಹಾಕಲಾಯಿತು. ದೀಪವನ್ನೂ ಬ್ಯಾಟರಿಯನ್ನೂ ಏಣಿಯಮ್ಮ ಬಹಳ ಅಚ್ಚುಕಟ್ಟಾಗಿ ಕೂರಿಸಿಕೊಟ್ಟಳು.

ದೀಪ ಹತ್ತಲಿಲ್ಲ. ಕಂಪನಿಯ ಮಾಲು ಕಳಪೆ ಎಂದು ಮೊದಲು ಎಲ್ಲರೂ ಭಾವಿಸಿದೆವು. ಬಟ್ಟೆ ತೆಗೆದು ನೋಡಿದೆವು, ಆಗಲೂ ಹತ್ತಲಿಲ್ಲ. ಆಗ ಸಾಹೇಬರು ಸಭೆ ಕರೆದರು. ಸೂರ್ಯನನ್ನು ಕೊಟ್ಟಿಗೆಯ ಒಳಗೆ ತರುವುದು ಸದ್ಯಕ್ಕೆ ಆಗದ ಮಾತಾದ್ದರಿಂದ, ಅವನ ಜಾಗದಲ್ಲಿ ಇನ್ನೂರು ವ್ಯಾಟಿನ ಒಂದು ಬಲ್ಬನ್ನು ಪ್ರಭಾರ ಸೂರ್ಯನಾಗಿ ನಿಯೋಜಿಸಲು ತೀರ್ಮಾನವಾಯಿತು. ಕಟ್ಟಡಕ್ಕೆ ಕರೆಂಟು ಕೊಡಲು ಬರುವುದಿಲ್ಲ ನಿಜ, ಆದರೆ ಕಚೇರಿಯ ಉಪಕರಣಕ್ಕೆ ಕೊಡಲು ಅಡ್ಡಿಯಿಲ್ಲ, ಪ್ಯಾನೆಲ್ಲು ಉಪಕರಣವೇ ತಾನೇ? ಒಂದೇ ವಾರದಲ್ಲಿ ಕಚೇರಿಯಿಂದ ಕೊಟ್ಟಿಗೆಗೆ ತಂತಿ ಎಳೆದು ಬಲ್ಬು ತೂಗುಹಾಕಲಾಯಿತು.

ಏಣಿಯಮ್ಮ ಬಲ್ಬಿನ ಸ್ವಿಚ್ಚು ಒತ್ತಿದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆರೂ ಕಪಾಟು ಕಂಡವು. ಅವಳು ಏಣಿಯ ಮೇಲೆಯೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಇಷ್ಟು ಬೆಳಕಿದ್ಮೇಲೆ ಇನ್ಯಾಕಣ್ಣಾ ನನ್ನ ದೀಪ?”

ಜವಾನ ನಾಲ್ಕನೇ ಕಪಾಟಿನ ಮೂರನೇ ಹಲಗೆಯನ್ನೇ ನೋಡುತ್ತಿದ್ದ. “ಅಗೋ ಸಾರ್, ನನ್ನ ಪುಸ್ತಕ! ಹೆಸರು ಕಾಣ್ತಾ ಇದೆ!” ಎಂದು ಕೈ ಚಾಚಿದ.

“ಮುಟ್ಟಬೇಡಿ!” ಎಂದರು ಮೇಡಂ. “ಈ ಬಲ್ಬು ಮಂಜೂರಾಗಿರೋದು ಪ್ಯಾನೆಲ್ಲಿಗೆ. ಕಡತ ನೋಡೋಕಲ್ಲ.”

ಅವನ ಕೈ ಅಲ್ಲೇ ನಿಂತಿತು. ಪುಸ್ತಕಕ್ಕೂ ಕೈಗೂ ನಡುವೆ ಒಂದು ಗೇಣು ಇದ್ದಿರಬಹುದು. ಎಲ್ಲರೂ ನನ್ನ ಬಾಯಿ ನೋಡಿದರು. ನಾನು ‘ತಗೋ’ ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು, ನಿಜ ಹೇಳುತ್ತೇನೆ, ನಾಲಿಗೆಯ ತುದಿವರೆಗೆ ಬಂದಿತ್ತು. ಆದರೆ ನನ್ನ ಸೇವೆಯಲ್ಲಿ ಒಂದು ಕಪ್ಪುಚುಕ್ಕೆ ಇಲ್ಲ. ಪರಿಶೀಲಿಸಿ ತಿಳಿಸುತ್ತೇನೆ ಎಂದು ಹೇಳಿ ಮೇಜಿಗೆ ಬಂದು, ಮಧ್ಯಾಹ್ನದ ಹೊತ್ತಿಗೆ ಈ ಪ್ರಕಟಣೆಯನ್ನು ಬಾಗಿಲಿಗೆ ಅಂಟಿಸಿದೆ:

“ಸಮಸ್ತ ಸಿಬ್ಬಂದಿಯ ಗಮನಕ್ಕೆ. ಕೊಟ್ಟಿಗೆಯಲ್ಲಿ ಉರಿಯುತ್ತಿರುವ ಬಲ್ಬಿನ ಬೆಳಕು ಪ್ಯಾನೆಲ್ಲಿನ ಉಪಯೋಗಕ್ಕೆ ಮಾತ್ರ ಮೀಸಲು. ಸದರಿ ಬೆಳಕಿನಲ್ಲಿ ಕಡತಗಳನ್ನು ನೋಡತಕ್ಕದ್ದಲ್ಲ. ಆಕಸ್ಮಿಕವಾಗಿ ಕಂಡಲ್ಲಿ, ಕಂಡಂತೆ ಭಾವಿಸತಕ್ಕದ್ದಲ್ಲ. ಕಡತಗಳನ್ನು ಸೌರದೀಪದ ಅಧಿಕೃತ ಬೆಳಕಿನಲ್ಲಿ ಮಾತ್ರ ಹುಡುಕತಕ್ಕದ್ದು.”

ಬಲ್ಬು ಹನ್ನೊಂದು ದಿನ ಎಡೆಬಿಡದೆ ಉರಿದರೆ ಸೌರದೀಪ ನಾಲ್ಕು ನಿಮಿಷ ಉರಿಯುತ್ತದೆ ಎಂದು ಅನುಭವದಿಂದ ತಿಳಿಯಿತು. ಹನ್ನೆರಡನೇ ದಿನ ಬಲ್ಬು ಆರಿಸಿ, ಹಗಲಿನ ಬೆಳಕು ಬೆರೆಯದಂತೆ ಬಾಗಿಲು ಮುಚ್ಚಿ, ಸೌರದೀಪ ಹಾಕಿದೆವು. ಮೇಡಂ ಗಡಿಯಾರ ಹಿಡಿದು ನಿಂತರು. ಜವಾನ ನೆಟ್ಟಗೆ ನಾಲ್ಕನೇ ಕಪಾಟಿಗೆ ಹೊರಟ. ನಾನು ತೋಳು ಹಿಡಿದು ನಿಲ್ಲಿಸಿದೆ.

“ನೇರವಾಗಿ ಅಲ್ಲಿಗೇ ಹೋದ್ರೆ, ಮೊದಲೇ ಕಂಡಿದ್ದೆ ಅಂತ ನೀನೇ ಒಪ್ಪಿಕೊಂಡ ಹಾಗಾಗುತ್ತೆ ಮಾರಾಯ. ಒಂದನೇ ಕಪಾಟಿಂದ ಶುರು ಮಾಡು.”

ಅವನು ಒಂದನೇ ಕಪಾಟಿನ ಎರಡನೇ ಹಲಗೆ ತಲುಪುವಷ್ಟರಲ್ಲಿ ದೀಪ ಆರಿತು. ಮುಂದಿನ ಸಲ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು, ಯಾಕೆಂದರೆ ನಡುವಿನ ಹನ್ನೊಂದು ದಿನದಲ್ಲಿ ಕಡತಗಳು ಜಾಗ ಬದಲಿಸಿಲ್ಲ ಎಂಬುದಕ್ಕೆ ಯಾರ ಬಳಿಯೂ ಪುರಾವೆ ಇರಲಿಲ್ಲ. ಹೀಗೆ ಅವನು ಒಂದನೇ ಕಪಾಟಿನ ಮೊದಲೆರಡು ಹಲಗೆಗಳನ್ನು ಚೆನ್ನಾಗಿ ಬಲ್ಲವನಾದ.

ನಾಲ್ಕನೇ ತಿಂಗಳ ಕೊನೆ ಬಂತು. ಅವನಿಗೆ ಅರವತ್ತು ತುಂಬಬೇಕಿದ್ದ ದಿನ ಮೇಲಿನ ಕಚೇರಿಯಿಂದ ಆದೇಶ ಬಂತು: “ಜನ್ಮ ದಿನಾಂಕವು ಅಧಿಕೃತ ಬೆಳಕಿನಲ್ಲಿ ದೊರೆಯುವವರೆಗೆ ಸದರಿ ನೌಕರರ ವಯಸ್ಸನ್ನು ಐವತ್ತೊಂಬತ್ತು ವರ್ಷ ಹನ್ನೊಂದು ತಿಂಗಳಿಗೆ ತಡೆಹಿಡಿಯಲಾಗಿದೆ. ಅಲ್ಲಿಯವರೆಗೆ ಅವರನ್ನು ಪ್ಯಾನೆಲ್ಲಿನ ಧೂಳು ಒರೆಸಲು ಕೊಟ್ಟಿಗೆಗೆ ನಿಯೋಜಿಸಿದೆ.” ಓದಿ ಹೇಳಿದೆ. ಅವನು ತಲೆಯಾಡಿಸಿ, ಕಾಲರಿನ ಸೂಜಿಯನ್ನು ಮುಟ್ಟಿ ನೋಡಿಕೊಂಡು ಕೊಟ್ಟಿಗೆಗೆ ಹೋದ. ಅವತ್ತು ನನಗೆ ಊಟ ಸೇರಲಿಲ್ಲ.

ಮರುದಿನ ಅವನ ಹೆಂಡತಿ ಬಂದಳು. ಬಂದವಳೇ ಆ ಸ್ಟೂಲನ್ನು ನನ್ನ ಮೇಜಿನ ಮುಂದೆ ದಡಕ್ಕನೆ ಇಟ್ಟಳು.

“ಅಣ್ಣಾ, ಆ ಬೆಳಕಲ್ಲಿ ಕಡತ ನೋಡಬಾರದು ಅಂತ ಬರ್ದಿದ್ದೀರಲ್ಲ. ಕಾಜಾ ಹಾಕಬಾರದು ಅಂತ ಎಲ್ಲಾದ್ರೂ ಇದ್ಯಾ?”

ಹುಡುಕಿದೆ. ಮಿಣುಕುಹುಳು ಇತ್ತು, ಕಾಜಾ ಇರಲಿಲ್ಲ.

“ಇಲ್ಲಮ್ಮ,” ಎಂದೆ.

“ಸರಿ ಹಾಗಾದ್ರೆ,” ಎಂದು ಸ್ಟೂಲು ಎತ್ತಿಕೊಂಡು ಹೋದಳು.

ಈಗ ಅವನು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಇನ್ನೂರು ವ್ಯಾಟಿನ ಬಲ್ಬಿನ ಕೆಳಗೆ, ಬೆನ್ನನ್ನು ನಾಲ್ಕನೇ ಕಪಾಟಿಗೆ ಒರಗಿಸಿ ಕೂತು ಕಾಜಾ ಹಾಕುತ್ತಾನೆ. ಪ್ಯಾನೆಲ್ಲಿನ ಮೇಲೆ ನೆರಳು ಬೀಳದಂತೆ ಜೋಪಾನ. ಹೆಂಡತಿ ಹೊಲಿಗೆ ಮೆಷಿನ್ನನ್ನೂ ತಂದಿಟ್ಟುಕೊಂಡಿದ್ದಾಳೆ, ಅಂಗಡಿಗಿಂತ ಇಲ್ಲೇ ಬೆಳಕು ಚೆನ್ನಾಗಿದೆಯಂತೆ. ಸಾಹೇಬರ ಶರ್ಟು, ಮೇಡಂ ಅವರ ರವಿಕೆ, ಎಲ್ಲ ಅಲ್ಲಿಯೇ ತಯಾರಾಗುತ್ತವೆ. ಮೇಲಿನ ಕಚೇರಿಯವರು ಬಂದು ನೋಡಿ, ಕೊಟ್ಟಿಗೆಗೆ ‘ಮಾದರಿ ಸೌರ ಕಟ್ಟಡ’ ಎಂಬ ಹಲಗೆ ಹಾಕಿಸಿ, ಹೋಗುವಾಗ ಕೋಟುಗಳನ್ನು ಬಿಟ್ಟುಹೋದರು. ಹನ್ನೆರಡು ದಿನಕ್ಕೊಮ್ಮೆ ಬಲ್ಬು ಆರಿಸಿ ನಾಲ್ಕು ನಿಮಿಷ ಹುಡುಕುವುದು ತಪ್ಪಿಲ್ಲ. ಆ ನಾಲ್ಕು ನಿಮಿಷ ಹೊಲಿಗೆ ನಿಲ್ಲುತ್ತದಲ್ಲ ಎಂದು ಮೇಡಂ ಅವರೇ ಗೊಣಗುತ್ತಾರೆ.

ಮೊನ್ನೆ ನನ್ನ ಕೋಟಿನ ಗುಂಡಿ ಹಾಕಿಸಲು ಹೋಗಿದ್ದೆ. ಜವಾನ ಸ್ವಲ್ಪ ಸರಿದು ಕೂತ. ಅವನ ಭುಜದ ಹಿಂದೆ, ಅವನ ಪುಸ್ತಕದ ಪಕ್ಕದಲ್ಲೇ, ಇನ್ನೊಂದು ಸೇವಾ ಪುಸ್ತಕ ಇತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದ ಹೆಸರು ನನ್ನದಾಗಿತ್ತು ಎಂದು ಹೇಳುವಂತಿಲ್ಲ, ಯಾಕೆಂದರೆ ನಾನದನ್ನು ಕಂಡಿಲ್ಲ. ಬರುವ ವರ್ಷ ನನಗೂ ಅರವತ್ತು. ಮಗಳ ಮನೆಗೆ ಹೋಗಿ ಇದ್ದುಬಿಡುವುದೆಂದು ಮಾತಾಗಿದೆ, ಅವಳು ನನಗಾಗಿ ಒಂದು ಕೋಣೆಗೆ ಬಣ್ಣ ಹೊಡೆಸಿದ್ದಾಳೆ.

ಜವಾನನ ಹೆಂಡತಿ ಮೆಷಿನ್ನು ತುಳಿಯುವುದನ್ನು ನಿಲ್ಲಿಸಿದಳು. ನನ್ನನ್ನೊಮ್ಮೆ, ಕಪಾಟನ್ನೊಮ್ಮೆ ನೋಡಿದಳು.

“ಅಣ್ಣಾ, ಇನ್ನೊಂದು ಸ್ಟೂಲು ಮಾಡಿಸ್ಲಾ?”

ಎತ್ತರ ಎಷ್ಟಿರಬೇಕು ಎಂದು ಕೇಳಿದಳು. ಹೇಳಿ ಬಂದೆ.