ನಿಂತು ಅಡುಗೆ ಮಾಡುವ ಕಟ್ಟೆ

ಆ ರವಿವಾರ ಬೆಳಗೂ ನಮ್ಮ ಬೇಡಕಿಹಾಳದ ಮನೆಯಲ್ಲಿ ಎಂದಿನಂತೆಯೇ ಆಗಿತ್ತು. ಅತ್ತೆ ಬಸದಿಗೆ ಹೋಗಿ ಬಂದು, ಅರಿವೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಿ ಕೊಡ ತುಂಬಿಸಿಟ್ಟರು. ನಾನು ಹಾಲು ಕಾಸಿ ಚಹಾಕ್ಕಿಟ್ಟೆ. ನಮ್ಮವರು ಗಡ್ಡ ಹೆರೆದುಕೊಂಡರು. ಆಮೇಲೆ ಅವರು ಕೈಗೆ ಹಾರೆ ತೆಗೆದುಕೊಂಡದ್ದು ಮಾತ್ರ ಎಂದಿನಂತಲ್ಲ. ಅದಕ್ಕೆ ನಾನೇ ಕಾರಣ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಬಾಯಿಪಾಠ ಮಾಡಿದ ಇಂಗ್ಲಿಷ್ ಪದ್ಯಗಳೆಲ್ಲ ಲಗ್ನವಾದ ವರ್ಷವೇ ಮರೆತುಹೋದವು. ಮರೆಯದೆ ಉಳಿದದ್ದು ಸಿಸ್ಟರುಗಳ ಅಡುಗೆಮನೆ. ಸೊಂಟದೆತ್ತರದ ಕಟ್ಟೆಯ ಮುಂದೆ ನೆಟ್ಟಗೆ ನಿಂತು ಅವರು ಸಾರು ಕಲಕುತ್ತಿದ್ದ ಠೀವಿ ನೋಡಿದರೆ, ಅಡುಗೆಯೂ ಒಂದು ಹುದ್ದೆ ಅನ್ನಿಸುತ್ತಿತ್ತು. ನಮ್ಮಲ್ಲಿ ಗ್ಯಾಸು ಬಂದು ವರ್ಷವಾದರೂ ಒಲೆ ನೆಲದಿಂದ ಎದ್ದಿರಲಿಲ್ಲ. ಹಳೆಯ ಕಟ್ಟಿಗೆ ಒಲೆಯ ಪಕ್ಕದಲ್ಲೇ ಅದನ್ನಿಟ್ಟು, ಮಣೆ ಹಾಕಿಕೊಂಡು ಕೂತು ಬೇಯಿಸುತ್ತಿದ್ದೆವು. ನಿಂತು ಅಡುಗೆ ಮಾಡುವ ಆಸೆಯನ್ನು ದಿನಕ್ಕೆರಡು ಸಲದಂತೆ ನಮ್ಮವರ ಕಿವಿಗೆ ಹಾಕುತ್ತ ಬಂದೆ. ಅವರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು. ಕಟ್ಟೆ ಕಟ್ಟಲು ಗೌಂಡಿಯನ್ನು ಕರೆಸೋಣವೆಂದರೆ, ಅವನಿಗಿಂತ ನೆಟ್ಟಗೆ ಗೆರೆ ಎಳೆಯುವ ನಾನಿರುವಾಗ ಅವನೇಕೆ ಎಂದರು. ಬಣ್ಣದ ಪೆನ್ಸಿಲಿನಲ್ಲಿ ಹೊಸ ಅಡುಗೆಮನೆಯ ಚಿತ್ರವನ್ನೂ ಬರೆದರು. ಕಟ್ಟೆಯ ಮುಂದೆ ನನ್ನನ್ನು ನಿಲ್ಲಿಸಿದ್ದರು, ಇದ್ದುದಕ್ಕಿಂತ ತೆಳ್ಳಗೆ. ಒಪ್ಪದೆ ಏನು ಮಾಡಲಿ?

ಇದ್ದ ಪೇಚೆಂದರೆ ಅತ್ತೆಯ ಊಟ. ನಾವೂ ಓಣಿಯವರೂ ಆಯಿ ಎಂದೇ ಕರೆಯುತ್ತಿದ್ದ ನಮ್ಮತ್ತೆ, ಹೊತ್ತು ಮುಳುಗಿದ ಮೇಲೆ ಅನ್ನ ಹೋಗಲಿ, ನೀರನ್ನೂ ಮುಟ್ಟುತ್ತಿರಲಿಲ್ಲ. ಜೈನರ ಮನೆಗಳಲ್ಲಿ ಇದೇನು ಹೊಸದಲ್ಲ. ಆದರೆ ನಾವಿಬ್ಬರೂ ಆಗೀಗ ಜಾರುತ್ತಿದ್ದೆವು, ಆಯಿ ಎಂದೂ ಜಾರಿದವರಲ್ಲ. ಸಂಜೆಯ ಊಟ ತಪ್ಪಿತೆಂದರೆ ಮರುದಿನ ಸೂರ್ಯ ಮೂಡುವ ತನಕ ಉಪವಾಸವೇ. ಮಧ್ಯಾಹ್ನಕ್ಕೆ ಬೆಳಿಗ್ಗೆಯೇ ಬೇಯಿಸಿಟ್ಟಿದ್ದೆ. “ಸಂಜೀ ರೊಟ್ಟಿ ಹೊಸಾ ಕಟ್ಟೀ ಮ್ಯಾಲನ ಮಾಡಿ ಬಡಸ್ತೀನ್ರಿ,” ಎಂದು ಆಯಿಗೆ ಮಾತು ಕೊಟ್ಟೆ.

ಗ್ಯಾಸಿನ ಒಲೆಯನ್ನು ಪಡಸಾಲೆಗೆ, ಡಬ್ಬಿ ಪಾತ್ರೆಗಳನ್ನು ಸಿಕ್ಕ ಸಿಕ್ಕ ಮೂಲೆಗೆ ಸಾಗಿಸಿ, ಹಳೆಯ ಒಲೆಯ ಮೊದಲ ಇಟ್ಟಂಗಿ ಎತ್ತಿದರೆ ಅದರಡಿ ಇರುವೆಗಳ ಒಂದು ಊರೇ ಇತ್ತು. ಬಿಳಿ ತತ್ತಿ ಹೊತ್ತು ಗಾಬರಿಯಿಂದ ಓಡಾಡತೊಡಗಿದವು. ಆಯಿ ಹಾರೆಗೆ ಕೈ ಅಡ್ಡ ಹಿಡಿದರು.

“ನಿಂದರು. ಮೊದಲ ಅವು ಹೋಗ್ಲಿ.”

“ಎಷ್ಟ ಹೊತ್ತ ಆಯಿ?” ಎಂದರು ನಮ್ಮವರು.

“ನನ್ನೇನ್ ಕೇಳ್ತಿಯೋ, ಅವನ್ನ ಕೇಳು.”

ಒಲೆಯ ಮೂಲೆಯಿಂದ ಹಿತ್ತಿಲ ಕರಿಬೇವಿನ ಬುಡದವರೆಗೆ ಆಯಿ ಸಕ್ಕರೆಯ ಗೆರೆ ಎಳೆದರು, ಡ್ರಾಯಿಂಗ್ ಮಾಸ್ತರಿಗೂ ಬಾರದಷ್ಟು ನೆಟ್ಟಗೆ. ಮುಂದಿನ ಮೂರು ತಾಸು ಇರುವೆಗಳು ಸಂಸಾರ ಸಾಗಿಸಿದವು. ನಾವು ಮೂವರೂ ಚಹಾ ಕುಡಿಯುತ್ತ ನೋಡುತ್ತ ಕೂತೆವು. ನಮ್ಮವರಂತೂ ಅವುಗಳ ಚಿತ್ರ ಬರೆಯತೊಡಗಿದರು. ಗಂಟೆಯ ಶಿಸ್ತಿನಲ್ಲಿ ಬೆಳೆದ ನಾನು ಗಡಿಯಾರ ನೋಡಿ ನೋಡಿ ಒಣಗಿದೆ. ಒಂದು ಇರುವೆ ಅರ್ಧ ದಾರಿಗೆ ಹೋಗಿ ತಿರುಗಿ ಬಂದಿತು. “ಏನರ ಮರ್ತ ಬಂದೈತಿ,” ಎಂದರು ಆಯಿ. ಆಯಿ ಹೋಗಿ ಎಷ್ಟೋ ವರ್ಷವಾಯಿತು. ಇಂದಿಗೂ ಸಾಲು ಬಿಟ್ಟು ಮರಳುವ ಇರುವೆ ಕಂಡರೆ ನನ್ನ ಬಾಯಿಗೆ ಅದೇ ಮಾತು ಬರುತ್ತದೆ.

ಕೊನೆಯ ಇರುವೆ ಹೊಸಿಲು ದಾಟುವಾಗ ಮಧ್ಯಾಹ್ನ. ಹಳೆಯ ಒಲೆ ಕಿತ್ತು, ಇಟ್ಟಂಗಿಯ ಗಿಡ್ಡ ಗೋಡೆಗಳನ್ನೆಬ್ಬಿಸಿ, ನಿಪ್ಪಾಣಿಯಿಂದ ತರಿಸಿದ್ದ ಕರಿ ಫರಸಿ ಕಲ್ಲನ್ನು ಮೇಲೇರಿಸುವಷ್ಟರಲ್ಲಿ ಐದು ಹೊಡೆಯಿತು. ಪಕ್ಕದ ಮನೆಯ ಹಸೀನಾಳ ಗಂಡ ಬಂದು ಒಂದು ತುದಿ ಹಿಡಿದ. ಸಣ್ಣ ಕೋಣೆಯ ಅರ್ಧವನ್ನು ನುಂಗಿ ನಿಂತ ಕಟ್ಟೆ ಸರಿಯಾಗಿ ನನ್ನ ಸೊಂಟಕ್ಕೆ ಬಂತು. ಗ್ಯಾಸಿನ ಒಲೆ ಎತ್ತಿಕೊಂಡು ಓಡಿ ಬಂದರೆ ನಮ್ಮವರು ಕೈ ಚಾಚಿ ತಡೆದರು. ಸಿಮೆಂಟು ಹಸಿ. ನಾಲ್ಕು ದಿನ ನೀರು ಹೊಡೆಯಬೇಕು, ಮುಟ್ಟುವ ಹಾಗಿಲ್ಲ. ಇದನ್ನು ಚಿತ್ರದಲ್ಲಿ ತೋರಿಸಿರಲಿಲ್ಲವಲ್ಲ ಎಂದರೆ, ಹಸಿ ಸಿಮೆಂಟಿಗೂ ಒಣಗಿದ್ದಕ್ಕೂ ಪೆನ್ಸಿಲಿನ ಬಣ್ಣ ಒಂದೇ ಎಂದರು.

ಎದುರು ಮನೆಯ ಗೋಡೆಯ ಮೇಲಿನ ಬಿಸಿಲು ಹೆಂಚಿನತ್ತ ಏರತೊಡಗಿತ್ತು. ಹಿಟ್ಟಿನ ಡಬ್ಬಿ ಎಲ್ಲಿ, ರೊಟ್ಟಿಯ ಹಂಚು ಎಲ್ಲಿ? ಮಂಚದ ಕೆಳಗೆಲ್ಲ ತಡಕಾಡಿದೆ. ಕೈಗೆ ಸಿಕ್ಕದ್ದು ಬರೀ ಸಿಮೆಂಟು ಮೆತ್ತುವ ಕರಣಿ. ಅಷ್ಟರಲ್ಲಿ ಆಯಿ ಪಡಸಾಲೆಯಲ್ಲಿ ಒಲೆಯ ಮುಂದೆ ಮಣೆ ಎಳೆದುಕೊಂಡು ಕೂತಿದ್ದರು. ಡಬ್ಬಿಯೂ ಹಂಚೂ ಅವರ ಬಳಿಗೆ ತಾವಾಗಿ ಬಂದಂತಿದ್ದವು. ಚಪ್ ಚಪ್ ಎಂದು ರೊಟ್ಟಿ ಬಡಿಯುವ ಸದ್ದು ಎದ್ದಿತು. ಉಳ್ಳಾಗಡ್ಡಿಯಿಲ್ಲದ ಕಡಲೆಹಿಟ್ಟಿನ ಜುಣಕ ಗಳಿಗೆಯಲ್ಲಿ ಆಯಿತು. ಬಿಸಿಲು ಹೆಂಚಿನ ತುದಿಯಲ್ಲಿರುವಾಗ ಆಯಿ ಕೊನೆಯ ತುತ್ತು ನುಂಗಿ, ನೀರು ಕುಡಿದು, ತಂಬಿಗೆ ಬೋರಲು ಹಾಕಿದರು. ಬಡಿಸುತ್ತೇನೆಂದು ಮಾತು ಕೊಟ್ಟವಳಿಗೂ ನಾಲ್ಕು ರೊಟ್ಟಿ ಮುಚ್ಚಿಟ್ಟಿದ್ದರು.

ಮುಸ್ಸಂಜೆಗೆ ಹಸೀನಾ ಕಟ್ಟೆ ನೋಡಲು ಬಂದಳು. ನಾನು ಸಿಸ್ಟರುಗಳ ಠೀವಿಯಲ್ಲಿ, ಕಟ್ಟೆಗೆ ಮಾತ್ರ ಕೈ ತಾಗದಂತೆ, ಅದರ ಮುಂದೆ ನಿಂತು ತೋರಿಸಿದೆ. ಅವಳು ಫರಸಿಯ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿ ತಲೆದೂಗಿದಳು. ಪಡಸಾಲೆಯಲ್ಲಿ ಆಯಿ ಇನ್ನೂ ನೆಲದ ಮೇಲೆ ಕೂತು ಚೆಲ್ಲಿದ ಹಿಟ್ಟು ಬಳಿಯುತ್ತಿದ್ದರು. ಹಸೀನಾ ಸೆರಗು ಸರಿ ಮಾಡಿಕೊಂಡು ಹೊರಡುತ್ತ, ಅವರನ್ನು ದಾಟುವಾಗ ಅಂದಳು: “ಭಾಳ ಚಲೋ ಆಗೈತ್ರಿ ವೈನಿ. ಆದ್ರ ಆಯಿ ಕುಂತ ರೊಟ್ಟಿ ಬಡಿಯೋರು, ಅವರ ಜಾಗಾ ಎಲ್ಲಿ ಬಿಟ್ಟೀರಿ?”